1.2 ಲಕ್ಷ ಜನ, 5 ಒಲಿಂಪಿಕ್ ಪದಕ: ಗ್ರೆನೆಡಾ ಗೆದ್ದದ್ದು ಹೇಗೆ?

ನೀರಜ್ ಚೋಪ್ರಾ ಪದಕ ಹಾಕಿಕೊಂಡು ನಿಂತ ಫೋಟೊಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ. 2016, ಪೋಲೆಂಡ್, 20 ವರ್ಷದೊಳಗಿನವರ ವಿಶ್ವ ಕೂಟ: ನೀರಜ್‌ಗೆ ಚಿನ್ನ. 2018, ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟ: ಮತ್ತೆ ಚಿನ್ನ. 2022, ಅಮೆರಿಕದ ಯೂಜಿನ್, ವಿಶ್ವ ಚಾಂಪಿಯನ್‌ಷಿಪ್: ಬೆಳ್ಳಿ. 2024, ಪ್ಯಾರಿಸ್ ಒಲಿಂಪಿಕ್ಸ್: ಬೆಳ್ಳಿ. ಈ ನಾಲ್ಕೂ ಕಡೆ ಪದಕದ ಮೆಟ್ಟಿಲ ಮೇಲೆ ಇನ್ನೊಬ್ಬ ಆಟಗಾರ ಇದ್ದಾರೆ. ಹೆಸರು ಆ್ಯಂಡರ್ಸನ್ ಪೀಟರ್ಸ್. ಮೂರು ಸಲ ಅವರಿಗೆ ಕಂಚು. ಯೂಜಿನ್‌ನಲ್ಲಿ ಮಾತ್ರ ಚಿನ್ನ ಅವರದ್ದು, ಅದೂ 90.54 ಮೀಟರ್ ಎಸೆದು.

ಪೀಟರ್ಸ್ ಊರು ಗ್ರೆನೆಡಾ. ಕೆರಿಬಿಯನ್ ಸಮುದ್ರದ ಪೂರ್ವ ಅಂಚಿನಲ್ಲಿರುವ ಪುಟ್ಟ ದೇಶ. ಗ್ರೆನೆಡಾ, ಕ್ಯಾರಿಯಾಕೂ, ಪೆಟೀಟ್ ಮಾರ್ಟಿನೀಕ್ ಎಂಬ ದ್ವೀಪಗಳು ಸೇರಿ ಒಟ್ಟು 344 ಚದರ ಕಿಲೋಮೀಟರ್. ಜನ ಸುಮಾರು 1.2 ಲಕ್ಷ. ನಮ್ಮ ಚಿಕ್ಕಮಗಳೂರು ನಗರದಲ್ಲಿ 2011ರ ಜನಗಣತಿ ವೇಳೆಗೆ ಹೆಚ್ಚೂಕಡಿಮೆ ಅಷ್ಟೇ ಜನ ಇದ್ದರು. ಬೆಳೆಯೂ ನಮಗೆ ಪರಿಚಯದ್ದೇ, ಜಾಯಿಕಾಯಿ. ಅವರ ಧ್ವಜದ ಮೇಲೂ ಜಾಯಿಕಾಯಿಯ ಚಿತ್ರ ಇದೆ.

ಈ ದೇಶ 2012ರಿಂದ 2024ರವರೆಗಿನ ನಾಲ್ಕು ಒಲಿಂಪಿಕ್ಸ್‌ನಲ್ಲೂ ಪದಕ ಗೆದ್ದಿದೆ. ಒಟ್ಟು ಐದು: ಒಂದು ಚಿನ್ನ, ಒಂದು ಬೆಳ್ಳಿ, ಮೂರು ಕಂಚು. ಜನಸಂಖ್ಯೆಗೆ ಹೋಲಿಸಿ ಮಾಡುವ ಪದಕ ಪಟ್ಟಿಯಲ್ಲಿ ಪ್ಯಾರಿಸ್‌ನಲ್ಲಿ ಗ್ರೆನೆಡಾಗೆ ಮೊದಲ ಸ್ಥಾನ. ಒಲಿಂಪಿಕ್ಸ್ ಮುಗಿದಾಗಲೆಲ್ಲ ಆ ಪಟ್ಟಿ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಜೊತೆಗೆ ಒಂದು ಸಾಲು: "ಇಷ್ಟು ಸಣ್ಣ ದೇಶ ಗೆಲ್ಲುತ್ತೆ, 140 ಕೋಟಿ ಜನ ಇರೋ ನಾವು ಯಾಕೆ ಗೆಲ್ಲಲ್ಲ?"

ಪ್ರಶ್ನೆ ಕೇಳಬೇಕಾದ್ದೇ. ಆದರೆ ಆ ಪಟ್ಟಿಯಿಂದ ಉತ್ತರ ಸಿಗುವುದಿಲ್ಲ. ಅದನ್ನು ಬದಿಗಿಟ್ಟು ಗ್ರೆನೆಡಾ ನಿಜವಾಗಿ ಏನು ಮಾಡಿತು ಅಂತ ನೋಡಿದರೆ ನಮಗೆ ಉಪಯೋಗಕ್ಕೆ ಬರುವ ಸಂಗತಿಗಳು ಸಿಗುತ್ತವೆ.

ಪಟ್ಟಿಯ ತೊಂದರೆ

ಪ್ಯಾರಿಸ್‌ನಲ್ಲಿ ಗ್ರೆನೆಡಾಗೆ ಎರಡು ಕಂಚು. ಅಂದರೆ ಸುಮಾರು 60 ಸಾವಿರ ಜನಕ್ಕೆ ಒಂದು ಪದಕ. ಇದೇ ಲೆಕ್ಕದಲ್ಲಿ ಭಾರತಕ್ಕೆ 23 ಸಾವಿರಕ್ಕೂ ಜಾಸ್ತಿ ಪದಕ ಬರಬೇಕು. ಪ್ಯಾರಿಸ್‌ನಲ್ಲಿ ನಡೆದದ್ದು ಒಟ್ಟು 329 ಸ್ಪರ್ಧೆ. ಎಲ್ಲ ದೇಶಗಳಿಗೂ ಸೇರಿ ಸಿಕ್ಕ ಪದಕಗಳೇ ಸಾವಿರದ ಆಸುಪಾಸು. ಅದೂ ಅಲ್ಲದೆ ಅಥ್ಲೆಟಿಕ್ಸ್‌ನ ಒಂದು ವೈಯಕ್ತಿಕ ಸ್ಪರ್ಧೆಗೆ ಒಂದು ದೇಶ ಮೂವರನ್ನಷ್ಟೇ ಕಳಿಸಬಹುದು. ಜನ ಎಷ್ಟೇ ಇದ್ದರೂ ಬಾಗಿಲಲ್ಲಿ ಮೂವರೇ. ಹಾಗಾಗಿ ದೊಡ್ಡ ದೇಶ ಈ ಪಟ್ಟಿಯಲ್ಲಿ ಮೇಲೆ ಬರಲು ಸಾಧ್ಯವೇ ಇಲ್ಲ. ಸಣ್ಣ ದೇಶಕ್ಕೆ ಒಂದೇ ಪದಕ ಸಿಕ್ಕರೂ ಸಾಕು, ಮೊದಲ ಸಾಲಿಗೆ ಹಾರುತ್ತದೆ. ಅದೂ ಸಿಗದಿದ್ದರೆ ಪಟ್ಟಿಯಲ್ಲೇ ಇಲ್ಲ.

ಗ್ರೆನೆಡಾಗೂ ಬಹಳ ಕಾಲ ಹಾಗೇ ಆಗಿತ್ತು. ಆ ದೇಶ ಮೊದಲ ಸಲ ಒಲಿಂಪಿಕ್ಸ್‌ಗೆ ಹೋದದ್ದು 1984ರಲ್ಲಿ, ಲಾಸ್ ಏಂಜಲಿಸ್‌ಗೆ. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಸೇನೆ ಗ್ರೆನೆಡಾದಲ್ಲಿ ಇಳಿದಿತ್ತು. 1984ರಿಂದ 2008ರವರೆಗೆ ಏಳು ಒಲಿಂಪಿಕ್ಸ್. ಪದಕ ಸೊನ್ನೆ.

ಇನ್ನೊಂದು ಸೂಕ್ಷ್ಮ ಇದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ 400 ಮೀಟರ್ ಓಟದಲ್ಲಿ ಗ್ರೆನೆಡಾದ ಓಟಗಾರ ಕಿರಾನಿ ಜೇಮ್ಸ್‌ಗೆ ಕಂಚು ಬಂತು. ಅವರ ಸಮಯ 44.19 ಸೆಕೆಂಡ್. ನಾಲ್ಕನೆಯವರದ್ದು 44.21. ಪ್ಯಾರಿಸ್ ಜಾವೆಲಿನ್‌ನಲ್ಲಿ ಪೀಟರ್ಸ್ ಎಸೆದದ್ದು 88.54 ಮೀಟರ್. ನಾಲ್ಕನೆಯವರದ್ದು 88.50. ಸೆಕೆಂಡಿನ ನೂರರಲ್ಲಿ ಎರಡು ಭಾಗ ಮತ್ತು 4 ಸೆಂಟಿಮೀಟರ್. ಇವೆರಡು ಆಚೆ ಈಚೆ ಆಗಿದ್ದರೆ ಟೋಕಿಯೊದಲ್ಲಿ ಗ್ರೆನೆಡಾಗೆ ಏನೂ ಇಲ್ಲ, ಪ್ಯಾರಿಸ್‌ನಲ್ಲಿ ಒಂದೇ ಕಂಚು. ಆಟಗಾರರು ಅವರೇ, ತರಬೇತಿ ಅದೇ, ದೇಶವೂ ಅದೇ. ಆದರೆ ನಾವು ಹೇಳುವ ಕತೆ ಪೂರ್ತಿ ಬೇರೆ ಆಗುತ್ತಿತ್ತು, ಅಲ್ವಾ?

ಆದ್ದರಿಂದ ಸಣ್ಣ ದೇಶದ ಸಾಧನೆ ಅಳೆಯಲು ಪದಕಕ್ಕಿಂತ ಫೈನಲ್ ಒಳ್ಳೆಯ ಅಳತೆ. ಎಷ್ಟು ಸಲ ಕೊನೆಯ ಎಂಟರಲ್ಲಿ ಬಂದರು ಅನ್ನುವುದನ್ನು ನೋಡಬೇಕು. ಹಾಗೆ ನೋಡಿದಾಗ ಗ್ರೆನೆಡಾದ ನಿಜವಾದ ತೂಕ ಗೊತ್ತಾಗುತ್ತದೆ. 2004ರಿಂದ 2024ರವರೆಗೆ ಪುರುಷರ 400 ಮೀಟರ್‌ನ ಆರು ಒಲಿಂಪಿಕ್ ಫೈನಲ್ ನಡೆದಿವೆ. ಐದರಲ್ಲಿ ಗ್ರೆನೆಡಾದವರು ಓಡಿದ್ದಾರೆ. 2016ರ ರಿಯೊ ಫೈನಲ್‌ನಲ್ಲಂತೂ ಎಂಟು ಜನರಲ್ಲಿ ಇಬ್ಬರು ಗ್ರೆನೆಡಾದವರು: ಕಿರಾನಿ ಜೇಮ್ಸ್ ಮತ್ತು ಬ್ರಾಲನ್ ಟ್ಯಾಪ್ಲಿನ್. ಸೆಕೆಂಡಿನ ನೂರರಲ್ಲಿ ಎರಡು ಭಾಗ ಅತ್ತಿತ್ತ ಆಗಿದ್ದರೂ ಈ ದಾಖಲೆ ಅಳಿಸುತ್ತಿರಲಿಲ್ಲ.

2004ರ ಎರಡು ವಾರ

ಕತೆ ಕಿರಾನಿಯಿಂದ ಶುರುವಾಗುವುದಿಲ್ಲ. ಅವರಿಗಿಂತ ಮೊದಲು ಅಲೀನ್ ಫ್ರಾನ್ಸಿಕ್ ಇದ್ದರು. 2004ರಲ್ಲಿ ಬುಡಾಪೆಸ್ಟ್‌ನಲ್ಲಿ, 2006ರಲ್ಲಿ ಮಾಸ್ಕೊದಲ್ಲಿ ಒಳಾಂಗಣ 400 ಮೀಟರ್‌ನ ವಿಶ್ವ ಚಾಂಪಿಯನ್ ಆದವರು. 2004ರ ಆಗಸ್ಟ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್ ಫೈನಲ್ ಓಡಿ ನಾಲ್ಕನೆಯವರಾದರು. ಸಮಯ 44.66. ಕಂಚು ಗೆದ್ದವರದ್ದು 44.42. ಫ್ರಾನ್ಸಿಕ್ ಹೆಸರು ಪದಕ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಆದರೆ "ನಮ್ಮೂರಿನವರೂ ಒಲಿಂಪಿಕ್ ಫೈನಲ್‌ನಲ್ಲಿ ಓಡಬಹುದು" ಅಂತ ಗ್ರೆನೆಡಾದ ಮಕ್ಕಳು ಕಣ್ಣಾರೆ ನೋಡಿದ್ದು ಅಂದು. ಈ ಕತೆಯಲ್ಲಿ ಅವರಿಗೆ ಸಲ್ಲಬೇಕಾದ ಪಾಲು ಸಂದಿಲ್ಲ ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಆ ಓಟ ಮುಗಿದು ಎರಡೇ ವಾರ. ಸೆಪ್ಟೆಂಬರ್ 7ಕ್ಕೆ ಐವಾನ್ ಚಂಡಮಾರುತ ಗ್ರೆನೆಡಾ ಮೇಲೆ ಬಂತು. 39 ಜನ ಸತ್ತರು. ಹತ್ತರಲ್ಲಿ ಒಂಬತ್ತು ಮನೆಗಳಿಗೆ ಪೆಟ್ಟು ಬಿತ್ತು. ಜಾಯಿಕಾಯಿ ತೋಟಗಳು ಮಲಗಿದವು. ಜಾಯಿಕಾಯಿ ಗಿಡ ನೆಟ್ಟರೆ ಫಸಲು ಕಾಣಲು ಆರೇಳು ವರ್ಷ ಬೇಕು ಅನ್ನುವುದು ನಮ್ಮ ಮಲೆನಾಡಿನವರಿಗೆ ಹೇಳಬೇಕಿಲ್ಲ. ರಾಜಧಾನಿ ಸೇಂಟ್ ಜಾರ್ಜಸ್‌ನ ಕ್ರೀಡಾಂಗಣವೂ ಹಾಳಾಯಿತು.

ಕಿರಾನಿ ಜೇಮ್ಸ್‌ಗೆ ಆಗ 12 ತುಂಬಿ ಆರು ದಿನ. ಗ್ವಾವ್ ಎಂಬ ಮೀನುಗಾರರ ಊರಿನ ಹುಡುಗ. ಆ ಊರಿನಲ್ಲಿ ಜಾಯಿಕಾಯಿ ಒಣಗಿಸಿ ಬೇರ್ಪಡಿಸುವ ದೊಡ್ಡ ಕೇಂದ್ರ ಇದೆ, ಮತ್ತೆ ಸಮುದ್ರ. ಬೇರೆ ಹೇಳಿಕೊಳ್ಳುವಂಥದ್ದು ಜಾಸ್ತಿ ಇಲ್ಲ. ಮುಂದಿನ ಕೆಲವೇ ವರ್ಷಗಳಲ್ಲಿ ಈ ಹುಡುಗ ತನ್ನ ವಯಸ್ಸಿನವರಲ್ಲಿ ಜಗತ್ತಿನಲ್ಲೇ ಅತಿ ವೇಗವಾಗಿ 400 ಮೀಟರ್ ಓಡುವವನಾದ. 2009ರಲ್ಲಿ ಇಟಲಿಯಲ್ಲಿ ನಡೆದ ವಿಶ್ವ ಯೂತ್ ಕೂಟದಲ್ಲಿ 200 ಮತ್ತು 400 ಎರಡೂ ಗೆದ್ದ. ಒಳ್ಳೆಯ ಮೈದಾನ ಇದ್ದದ್ದರಿಂದ ಹೀಗಾಯಿತು ಅನ್ನಲು ಬರುವುದಿಲ್ಲ. ಚೀನಾದ ನೆರವಿನಿಂದ ಸೇಂಟ್ ಜಾರ್ಜಸ್‌ನಲ್ಲಿ ಹೊಸ ಅಥ್ಲೆಟಿಕ್ಸ್ ಕ್ರೀಡಾಂಗಣ ತೆರೆದದ್ದು 2016ರಲ್ಲಿ. ಕಿರಾನಿ ಚಿನ್ನ ಗೆದ್ದು ಆಗಲೇ ನಾಲ್ಕು ವರ್ಷ. ಅದಕ್ಕೆ ಅವರ ಹೆಸರನ್ನೇ ಇಟ್ಟರು.

ಮೂರು ಮೆಟ್ಟಿಲು

ಹಾಗಾದರೆ ಏನಿತ್ತು? ನಾನು ನೋಡುವ ಹಾಗೆ ಮೂರು ಮೆಟ್ಟಿಲು ಇದ್ದವು. ಒಂದು ಮನೆಯಲ್ಲೇ, ಒಂದು ನೆರೆಯಲ್ಲಿ, ಒಂದು ದೂರದಲ್ಲಿ.

ಮನೆಯ ಮೆಟ್ಟಿಲು ಅಂದರೆ ಶಾಲಾ ಕ್ರೀಡಾಕೂಟ. ಗ್ರೆನೆಡಾದ ಪ್ರೌಢಶಾಲೆಗಳೆಲ್ಲ ಸೇರುವ ಕೂಟಕ್ಕೆ 'ಇಂಟರ್‌ಕಾಲ್' ಅಂತಾರೆ. ಸಣ್ಣ ದೇಶ ಆಗಿರುವುದರ ನಿಜವಾದ ಲಾಭ ಇಲ್ಲಿದೆ. ಇಡೀ ದೇಶದ ಮಕ್ಕಳು ಒಂದೇ ಮೈದಾನಕ್ಕೆ ಬರುತ್ತಾರೆ. ತರಬೇತುದಾರರು ಅಲ್ಲೇ ಇರುತ್ತಾರೆ. ಚೆನ್ನಾಗಿ ಓಡುವ ಒಂದು ಮಗು ಯಾರ ಕಣ್ಣಿಗೂ ಬೀಳದೆ ಹೋಗುವುದು ಕಷ್ಟ. ನಮ್ಮಲ್ಲಿ ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ವಿಭಾಗ ಮಟ್ಟ ಅಂತ ಒಂದೊಂದೇ ದಾಟಿ ರಾಜ್ಯ ಮಟ್ಟಕ್ಕೆ ಬರಬೇಕು. ನಡುವೆ ಬಸ್ ಚಾರ್ಜ್ ಇಲ್ಲದ್ದಕ್ಕೋ, ಪರೀಕ್ಷೆ ಬಂತು ಅಂತಲೋ ಎಷ್ಟು ಮಕ್ಕಳು ನಿಂತುಬಿಡುತ್ತಾರೆ! ಇದನ್ನು ಪಿ.ಟಿ. ಮೇಷ್ಟ್ರುಗಳನ್ನು ಕೇಳಿದರೆ ಗೊತ್ತಾಗುತ್ತದೆ.

ನೆರೆಯ ಮೆಟ್ಟಿಲು ಕ್ಯಾರಿಫ್ಟಾ ಕೂಟ. ಕೆರಿಬಿಯನ್ ದೇಶಗಳ ಕಿರಿಯರ ಅಥ್ಲೆಟಿಕ್ಸ್ ಕೂಟ ಅದು. 1972ರಿಂದ ಈಸ್ಟರ್ ಹೊತ್ತಿಗೆ ನಡೆಯುತ್ತಾ ಬಂದಿದೆ. ಗ್ರೆನೆಡಾದಲ್ಲಿ ಚೆನ್ನಾಗಿ ಓಡುವ ಹುಡುಗನಿಗೆ ಊರಿನಲ್ಲಿ ಸರಿಸಾಟಿ ಸಿಗದೇ ಇರಬಹುದು. ಆದರೆ ಕ್ಯಾರಿಫ್ಟಾಗೆ ಹೋದರೆ ಜಮೈಕಾ, ಬಹಾಮಾಸ್, ಟ್ರಿನಿಡಾಡ್‌ನ ಮಕ್ಕಳು ಎದುರಿಗೆ ನಿಲ್ಲುತ್ತಾರೆ. ಉಸೇನ್ ಬೋಲ್ಟ್ ಓಡಿ ಬೆಳೆದ ಕೂಟ ಅದು. 16 ವರ್ಷಕ್ಕೇ ವಿಶ್ವ ಮಟ್ಟದ ಪೈಪೋಟಿ, ಅದೂ ಕೂಗಳತೆಯ ದೇಶದಲ್ಲಿ. ಇಷ್ಟು ದೊಡ್ಡ ಅನುಕೂಲವನ್ನು ಯಾವ ಸರ್ಕಾರವೂ ದುಡ್ಡು ಕೊಟ್ಟು ತರಲಾಗದು. 2016ರಲ್ಲಿ ಮತ್ತು 2024ರಲ್ಲಿ ಗ್ರೆನೆಡಾವೇ ಈ ಕೂಟ ನಡೆಸಿತು.

ಮೂರನೆಯದು ಅಮೆರಿಕದ ವಿಶ್ವವಿದ್ಯಾಲಯ. ಕ್ಯಾರಿಫ್ಟಾದಲ್ಲಿ ಮಿಂಚಿದವರಿಗೆ ಅಲ್ಲಿಂದ ಸ್ಕಾಲರ್‌ಷಿಪ್ ಸಿಗುತ್ತದೆ. ಕಿರಾನಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಹಾರ್ವಿ ಗ್ಲಾನ್ಸ್ ಕೋಚ್ ಆಗಿದ್ದರು. 1976ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ರಿಲೇ ತಂಡದ ಜೊತೆ ಚಿನ್ನ ಗೆದ್ದವರು ಅವರು. ಪೀಟರ್ಸ್ ಮಿಸಿಸಿಪಿ ಸ್ಟೇಟ್ ಸೇರಿದರು. ಹತ್ತು ಸ್ಪರ್ಧೆಗಳ ಆಟವಾದ ಡೆಕಥ್ಲಾನ್‌ನ ಲಿಂಡನ್ ವಿಕ್ಟರ್ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯಕ್ಕೆ ಆಡಿದರು. ಮೈದಾನ, ಜಿಮ್, ವೈದ್ಯರು, ಫಿಸಿಯೊ, ಊಟ, ಓದು ಎಲ್ಲವೂ ಅಲ್ಲಿ ಸಿಕ್ಕವು. ಗ್ರೆನೆಡಾ ಸ್ವಂತ ದುಡ್ಡಿನಲ್ಲಿ ಇದನ್ನೆಲ್ಲ ಕಟ್ಟಲು ಹೊರಟಿದ್ದರೆ ಆಗುತ್ತಲೇ ಇರಲಿಲ್ಲ.

ಇದನ್ನು ಕೇಳಿ "ಹಾಗಾದರೆ ಇದು ಅಮೆರಿಕದ ಪದಕ" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 17ನೇ ವಯಸ್ಸಿಗೆ ಸ್ಕಾಲರ್‌ಷಿಪ್ ಸಿಗುವಷ್ಟು ಒಬ್ಬ ಓಟಗಾರನನ್ನು ತಯಾರು ಮಾಡುವುದೇ ಕಷ್ಟದ ಕೆಲಸ. ಆ ಕೆಲಸವನ್ನು ಗ್ರೆನೆಡಾದ ಶಾಲೆಗಳು, ಸಂಜೆ ಹೊತ್ತು ಮೈದಾನದಲ್ಲಿ ನಿಲ್ಲುವ ಅಲ್ಲಿನ ಕೋಚ್‌ಗಳು ಮಾಡಿದ್ದಾರೆ. ಪೀಟರ್ಸ್‌ಗೆ ಬಹಳ ವರ್ಷ ಜೊತೆಗಿದ್ದ ಕೋಚ್ ಪಾಲ್ ಫಿಲಿಪ್ ಕೂಡ ಗ್ರೆನೆಡಾದವರೇ.

ಇನ್ನೂ ಒಂದು ಮಾತು. ಪ್ಯಾರಿಸ್‌ಗೆ ಹೋದ ಗ್ರೆನೆಡಾ ತಂಡದಲ್ಲಿ ಇದ್ದದ್ದು ಆರೇ ಜನ. ನಾಲ್ವರು ಅಥ್ಲೆಟಿಕ್ಸ್‌ಗೆ, ಇಬ್ಬರು ಈಜಿಗೆ. ತಂಡದ ಆಟಗಳಿಗೆ ಅವರು ಕೈ ಹಾಕಲೇ ಇಲ್ಲ. ಹಾಕಿದರೂ ಅಷ್ಟು ಆಟಗಾರರು ಎಲ್ಲಿಂದ ಬರಬೇಕು? 400 ಮೀಟರ್, ಜಾವೆಲಿನ್, ಡೆಕಥ್ಲಾನ್ ಇವೆಲ್ಲ ಒಬ್ಬರೇ ಮಾಡುವ ಆಟ. ಪದಕಗಳೆಲ್ಲ ಈ ಮೂರರಲ್ಲೇ ಬಂದಿವೆ.

ಲಂಡನ್, ಆಮೇಲೆ

2011ರ ಆಗಸ್ಟ್ 30. ಕೊರಿಯಾದ ಡೇಗು. ವಿಶ್ವ ಚಾಂಪಿಯನ್‌ಷಿಪ್ ಫೈನಲ್. ಕಿರಾನಿಗೆ 19 ತುಂಬಲು ಇನ್ನೂ ಎರಡು ದಿನ ಇತ್ತು. ಕೊನೆಯ ಕೆಲವು ಹೆಜ್ಜೆಗಳಲ್ಲಿ ಒಲಿಂಪಿಕ್ ಚಾಂಪಿಯನ್ ಲಶಾನ್ ಮೆರಿಟ್‌ರನ್ನು ಹಿಡಿದು ದಾಟಿದರು. 44.60 ಮತ್ತು 44.63. ಮುಂದಿನ ವರ್ಷ ಲಂಡನ್. ಆಗಸ್ಟ್ 5ರ ಸೆಮಿಫೈನಲ್‌ನಲ್ಲಿ ಕಿರಾನಿ ಮೊದಲು ಬಂದರು. ಗುರಿ ಮುಟ್ಟಿದ ಕೂಡಲೇ ಸಂಭ್ರಮಿಸಲಿಲ್ಲ. ಹಿಂದೆ ತಿರುಗಿ, ಕೊನೆಯವರಾಗಿ ಬಂದ ಆಸ್ಕರ್ ಪಿಸ್ಟೋರಿಯಸ್ ಹತ್ತಿರ ಹೋಗಿ, ಎದೆಯ ಮೇಲಿನ ಹೆಸರಿನ ಚೀಟಿಯನ್ನು ಅದಲುಬದಲು ಮಾಡಿಕೊಂಡರು. ಎರಡೂ ಕಾಲಿಲ್ಲದೆ ಕೃತಕ ಕಾಲಿನಲ್ಲಿ ಒಲಿಂಪಿಕ್ಸ್ ಓಡಿದವರಿಗೆ ತೋರಿಸಿದ ಗೌರವ ಅದು. ಪಿಸ್ಟೋರಿಯಸ್ ಬದುಕು ಮುಂದೆ ಯಾವ ದಾರಿ ಹಿಡಿಯಿತು ಅನ್ನುವುದು ಬೇರೆ ವಿಷಯ. ಅಂದು 19ರ ಹುಡುಗ ತೋರಿಸಿದ ದೊಡ್ಡತನ ಮಾತ್ರ ನಿಜ.

ಮರುದಿನ ಫೈನಲ್. 43.94. ಗ್ರೆನೆಡಾದ ಮೊದಲ ಒಲಿಂಪಿಕ್ ಪದಕ, ಅದೂ ಚಿನ್ನ. 44 ಸೆಕೆಂಡಿನೊಳಗೆ 400 ಮೀಟರ್ ಓಡಿದ, ಅಮೆರಿಕದವರಲ್ಲದ ಮೊದಲ ಮನುಷ್ಯ ಕಿರಾನಿ. ಊರಿನಲ್ಲಿ ಜನ ಬೀದಿಗಿಳಿದರು. ಪ್ರಧಾನಿ ಮರುದಿನ ಅರ್ಧ ದಿನ ರಜೆ ಘೋಷಿಸಿದರು.

ಆಮೇಲಿನ ವರ್ಷಗಳು ನನಗೆ ಚಿನ್ನಕ್ಕಿಂತ ದೊಡ್ಡವಾಗಿ ಕಾಣುತ್ತವೆ. ರಿಯೊದಲ್ಲಿ ಕಿರಾನಿ 43.76 ಓಡಿದರು, ಲಂಡನ್‌ಗಿಂತ ವೇಗ. ಆದರೆ ದಕ್ಷಿಣ ಆಫ್ರಿಕಾದ ವೇಯ್ಡ್ ವಾನ್ ನೀಕರ್ಕ್ 43.03 ಓಡಿ ವಿಶ್ವ ದಾಖಲೆ ಮಾಡಿಬಿಟ್ಟರು. ಬೆಳ್ಳಿ ಸಿಕ್ಕಿತು. ನಂತರ ಕಿರಾನಿಗೆ ಗ್ರೇವ್ಸ್ ಕಾಯಿಲೆ ಇರುವುದು ಗೊತ್ತಾಯಿತು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿ ಮೈಯನ್ನೇ ಸುಸ್ತು ಮಾಡುವ ಕಾಯಿಲೆ. ಎದೆ ಬಡಿತ ಏರುತ್ತದೆ, ತೂಕ ಇಳಿಯುತ್ತದೆ, ಸ್ನಾಯು ಸೋಲುತ್ತದೆ. ಓಟಗಾರನಿಗೆ ಇದಕ್ಕಿಂತ ಕೆಟ್ಟದ್ದು ಏನು? ಅದರಿಂದ ಎದ್ದು ಬಂದು ಟೋಕಿಯೊ ಸೆಮಿಫೈನಲ್‌ನಲ್ಲಿ 43.88 ಓಡಿದರು. ಫೈನಲ್‌ನಲ್ಲಿ ಕಂಚು. 400 ಮೀಟರ್‌ನಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರನ್ನೂ ಗೆದ್ದ ಮೊದಲ ಪುರುಷ ಅವರು. ಪ್ಯಾರಿಸ್‌ನಲ್ಲಿ 31ನೇ ವಯಸ್ಸಿಗೆ 43.87 ಓಡಿ ಐದನೆಯವರಾದರು. ಲಂಡನ್‌ನಲ್ಲಿ ಚಿನ್ನ ತಂದ ಸಮಯಕ್ಕಿಂತ ಅದು ಉತ್ತಮ. ಆಟವೇ ಅಷ್ಟು ಮುಂದೆ ಹೋಗಿತ್ತು.

ಪೀಟರ್ಸ್ ದಾರಿ ಹೀಗೆ ನೇರವಾಗಿಲ್ಲ. 2019ರಲ್ಲಿ ದೋಹಾದಲ್ಲಿ 86.89 ಮೀಟರ್ ಎಸೆದು ವಿಶ್ವ ಚಾಂಪಿಯನ್. ಟೋಕಿಯೊದಲ್ಲಿ ಅರ್ಹತಾ ಸುತ್ತಲ್ಲೇ ಹೊರಗೆ. ನೀರಜ್ ಚಿನ್ನ ಗೆದ್ದ ರಾತ್ರಿ ವಿಶ್ವ ಚಾಂಪಿಯನ್ ಫೈನಲ್‌ನಲ್ಲೇ ಇರಲಿಲ್ಲ ಅನ್ನುವುದು ನಮ್ಮಲ್ಲಿ ಬಹಳ ಜನರಿಗೆ ನೆನಪಿಲ್ಲ. 2022ರಲ್ಲಿ ದೋಹಾದಲ್ಲಿ 93.07 ಮೀಟರ್, ಯೂಜಿನ್‌ನಲ್ಲಿ ಮತ್ತೆ ವಿಶ್ವ ಚಾಂಪಿಯನ್. 2023ರಲ್ಲಿ ಬುಡಾಪೆಸ್ಟ್‌ನಲ್ಲಿ ಪುನಃ ಫೈನಲ್ ಇಲ್ಲ. 2024ರಲ್ಲಿ ಪ್ಯಾರಿಸ್ ಕಂಚು. 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ನೀರಜ್ ಚೋಪ್ರಾ ಕ್ಲಾಸಿಕ್‌ಗೂ ಅವರು ಬರಬೇಕಿತ್ತು. ಪಾದದ ಗಂಟು ನೋವಿನಿಂದ ಬರಲಾಗಲಿಲ್ಲ. ಎರಡು ತಿಂಗಳ ಮೇಲೆ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 87.38 ಮೀಟರ್ ಎಸೆದು ಬೆಳ್ಳಿ ಗೆದ್ದರು.

ಲಿಂಡನ್ ವಿಕ್ಟರ್ ಬಗ್ಗೆ ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ಡೆಕಥ್ಲಾನ್ ಅಂದರೆ ಎರಡು ದಿನದಲ್ಲಿ ಹತ್ತು ಸ್ಪರ್ಧೆ. ಓಟ, ಜಿಗಿತ, ಎಸೆತ ಎಲ್ಲವೂ. ಅವರ ಅಣ್ಣ ಕರ್ಟ್ ಫೀಲಿಕ್ಸ್ ಕೂಡ ಅದೇ ಆಟದವರು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ ಅಣ್ಣನಿಗೆ ಕಂಚು. ಅದೇ ಕೂಟದಲ್ಲಿ ಕಿರಾನಿಗೆ ಚಿನ್ನ. 2018 ಮತ್ತು 2022ರ ಕಾಮನ್‌ವೆಲ್ತ್‌ಗಳಲ್ಲಿ ತಮ್ಮನಿಗೆ ಡೆಕಥ್ಲಾನ್ ಚಿನ್ನ. ಪ್ಯಾನ್ ಅಮೆರಿಕನ್ ಕೂಟದಲ್ಲೂ ಹಾಗೇ: 2015ರಲ್ಲಿ ಅಣ್ಣನಿಗೆ ಬೆಳ್ಳಿ, 2019ರಲ್ಲಿ ತಮ್ಮನಿಗೆ ಬೆಳ್ಳಿ. ಪ್ಯಾರಿಸ್‌ನಲ್ಲಿ ವಿಕ್ಟರ್ 8711 ಅಂಕ ಗಳಿಸಿ ಕಂಚು ಗೆದ್ದರು. ಚಿನ್ನಕ್ಕೂ ಅವರಿಗೂ ನಡುವೆ ಇದ್ದದ್ದು 85 ಅಂಕ. ಪ್ಯಾರಿಸ್ ಶುರುವಾಗುವ ತಿಂಗಳಲ್ಲೇ, ಜುಲೈ 1ಕ್ಕೆ, ಬೆರಿಲ್ ಚಂಡಮಾರುತ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿತ್ತು. ಆ ಸುದ್ದಿ ತಲೆಯಲ್ಲಿಟ್ಟುಕೊಂಡೇ ಈ ಆರು ಜನ ಪ್ಯಾರಿಸ್‌ಗೆ ಹೋಗಿದ್ದು.

ಎಲ್ಲಿ ದುರ್ಬಲ

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೆ ಕೊರತೆಯನ್ನೂ ಹೇಳಬೇಕು. ಐದು ಒಲಿಂಪಿಕ್ ಪದಕ ಬಂದಿರುವುದು ಮೂರೇ ಜನರಿಂದ. ಅದರಲ್ಲಿ ಮೂರು ಪದಕ ಒಬ್ಬರದ್ದೇ. ಕಿರಾನಿ ಮತ್ತು ವಿಕ್ಟರ್ ಇಬ್ಬರಿಗೂ 30 ದಾಟಿದೆ.

ಮೂರನೇ ಮೆಟ್ಟಿಲಿನ ಮೇಲೆ ಗ್ರೆನೆಡಾಗೆ ಹಿಡಿತ ಇಲ್ಲ ಅನ್ನುವುದು ಇನ್ನೊಂದು. ಅಮೆರಿಕದ ಕಾಲೇಜು ಕ್ರೀಡೆಯ ನಿಯಮ, ಹಣದ ಹಂಚಿಕೆ ಈಗ ಬದಲಾಗುತ್ತಿದೆ. ಅಲ್ಲಿ ಅಥ್ಲೆಟಿಕ್ಸ್ ತಂಡದ ಜಾಗ ಕಡಿಮೆಯಾದರೆ ಗ್ರೆನೆಡಾದ ಮಕ್ಕಳಿಗೆ ಬೇರೆ ದಾರಿ ಸದ್ಯಕ್ಕಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಮಹಿಳೆಯರ ಗೈರು. ಗ್ರೆನೆಡಾಗೆ ಇವತ್ತಿನವರೆಗೆ ಮಹಿಳೆಯೊಬ್ಬರು ಒಲಿಂಪಿಕ್ ಪದಕ ತಂದಿಲ್ಲ. ಇದು ದ್ವೀಪ ಸಣ್ಣದು ಅನ್ನುವ ಕಾರಣಕ್ಕೆ ಆದದ್ದಲ್ಲ. 2024ರ ಆಗಸ್ಟ್ 3ನೇ ತಾರೀಕು ನೋಡಿ. ಅಂದು ಪ್ಯಾರಿಸ್‌ನಲ್ಲಿ ಡೊಮಿನಿಕಾದ ತಿಯಾ ಲಫಾಂಡ್ ಟ್ರಿಪಲ್ ಜಂಪ್‌ನಲ್ಲಿ 15.02 ಮೀಟರ್ ಜಿಗಿದು ಚಿನ್ನ ಗೆದ್ದರು. ಸೇಂಟ್ ಲೂಸಿಯಾದ ಜೂಲಿಯನ್ ಆಲ್ಫ್ರೆಡ್ 100 ಮೀಟರ್ ಓಟವನ್ನು 10.72 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಎರಡೂ ಗ್ರೆನೆಡಾದ ನೆರೆಹೊರೆ, ಡೊಮಿನಿಕಾದ ಜನಸಂಖ್ಯೆ ಇನ್ನೂ ಕಡಿಮೆ. ಎರಡೂ ದೇಶಗಳಿಗೆ ಅದು ಮೊಟ್ಟಮೊದಲ ಒಲಿಂಪಿಕ್ ಪದಕ. ವಿಕ್ಟರ್ ಡೆಕಥ್ಲಾನ್ ಕಂಚು ಗೆದ್ದದ್ದೂ ಅದೇ ದಿನ.

ಆಲ್ಫ್ರೆಡ್ ಓದಲು ಮೊದಲು ಜಮೈಕಾಗೆ, ಆಮೇಲೆ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದವರು. ಅಂದರೆ ಹೆಚ್ಚೂಕಡಿಮೆ ಅದೇ ಮೆಟ್ಟಿಲು. ಅದೇ ಮೆಟ್ಟಿಲು ಗ್ರೆನೆಡಾದ ಹುಡುಗಿಯರಿಗೆ ಎಲ್ಲಿ ಮುರಿಯುತ್ತಿದೆ? ಇಂಟರ್‌ಕಾಲ್‌ನಲ್ಲಿ ಗೆದ್ದ ಎಷ್ಟು ಹುಡುಗಿಯರು ಕ್ಯಾರಿಫ್ಟಾ ದಾಟಿ ಮುಂದೆ ಹೋಗುತ್ತಿದ್ದಾರೆ, ಎಷ್ಟು ಜನ ಅಲ್ಲೇ ನಿಲ್ಲುತ್ತಿದ್ದಾರೆ? 2028ರ ಲಾಸ್ ಏಂಜಲಿಸ್‌ಗೆ ಮೊದಲು ಗ್ರೆನೆಡಾದ ಕ್ರೀಡಾ ಆಡಳಿತ ಕೂತು ನೋಡಬೇಕಾದ ಲೆಕ್ಕ ಇದು. ನಾಲ್ಕನೇ ಹೆಸರೊಂದು ಫೈನಲ್‌ನಲ್ಲಿ ಕಾಣಬೇಕೆಂದರೆ, ಅದು ಅಲ್ಲಿಂದ ಬರುವ ಸಾಧ್ಯತೆಯೇ ಜಾಸ್ತಿ.